ಅಕ್ಕನ ಕ್ಯಾಸೆಟ್ಟಿನ ಇನ್ನೊಂದು ಮಗ್ಗುಲು

ಅಂತರಸನಹಳ್ಳಿಯ ಒಂದು ಕಾರ್ಖಾನೆಯಲ್ಲಿ, ಯಂತ್ರಗಳ ರಿಪೇರಿ ವಿಭಾಗದಲ್ಲಿ ನನ್ನ ಕೆಲಸ. ಮೂವತ್ತು ವರ್ಷದಿಂದ ಕೆಟ್ಟಿದ್ದನ್ನು ಬಿಚ್ಚಿ, ನೋಡಿ, ಮತ್ತೆ ಜೋಡಿಸುತ್ತ ಬಂದವನಿಗೆ ಮನೆಯಲ್ಲೂ ಕೈ ಸುಮ್ಮನಿರುವುದಿಲ್ಲ. ಹೋದ ವರ್ಷ ನಮ್ಮ ತುಮಕೂರಿನ ಮನೆಗೆ ಬಣ್ಣ ಹೊಡೆಸುವಾಗ ಸಜ್ಜದ ಮೇಲಿಂದ ಎರಡು ರಟ್ಟಿನ ಡಬ್ಬ ಕೆಳಗಿಳಿದವು. ಅವುಗಳ ತುಂಬ ನನ್ನ ಹರೆಯದ ಕಾಲದ ಕ್ಯಾಸೆಟ್‌ಗಳು. ಹಳೇ ಸಾಮಾನಿನವನಿಗೆ ಹಾಕಿಬಿಡಿ ಎಂದಳು ಹೆಂಡತಿ. ನಾನು ಒಂದನ್ನು ತೆಗೆದು ಬಾಲ್‌ಪೆನ್ನು ತೂರಿಸಿ ತಿರುಗಿಸಿ ನೋಡಿದೆ. ಟೇಪು ಸಲೀಸಾಗಿ ಸುತ್ತಿತು. ಅಷ್ಟು ಸಾಕಾಯಿತು.

ರೇಡಿಯೋ ರಿಪೇರಿ ಮಾಡುತ್ತಿದ್ದ ಗೆಳೆಯನ ಅಂಗಡಿಯಿಂದ ಒಂದು ಹಳೆಯ ಡೆಕ್ ತಂದೆ. ಒಂದು ಮಗ್ಗುಲು ಮುಗಿದರೆ ತಾನೇ ಇನ್ನೊಂದು ಮಗ್ಗುಲಿಗೆ ತಿರುಗಿ ಓಡುವಂಥದ್ದು. ಅದರ ಹೆಡ್ಡನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಬೆಲ್ಟ್ ಬದಲಾಯಿಸಿ, ವೈರು ಎಳೆದು ಕಂಪ್ಯೂಟರಿಗೆ ಕೊಟ್ಟೆ. ಬೆಳಿಗ್ಗೆ ಡ್ಯೂಟಿಗೆ ಹೊರಡುವ ಮೊದಲು ಒಂದು ಕ್ಯಾಸೆಟ್ ಹಾಕಿ ಹೋದರೆ, ನಾನು ಗೇಟಿನಲ್ಲಿ ಪಂಚ್ ಮಾಡಿ ಒಳಗೆ ಹೋಗಿ ಟೀ ಕುಡಿಯುವ ಹೊತ್ತಿಗೆ ಮನೆಯಲ್ಲಿ ಎರಡೂ ಮಗ್ಗುಲು ಫೈಲಾಗಿ ಕೂತಿರುತ್ತಿದ್ದವು. ಸಂಜೆ ಬಂದು ಅವಕ್ಕೆ ಹೆಸರು ಕೊಡುವುದು, ಮಾರನೆಯ ದಿನ ಇನ್ನೊಂದು ಹಾಕುವುದು. ಕೇಳುವ ಗೋಜಿಗೆ ಹೋಗಲಿಲ್ಲ. ಎಲ್ಲ ಮುಗಿಯಲಿ, ಆಮೇಲೆ ನೆಮ್ಮದಿಯಾಗಿ ಕೇಳೋಣ ಎಂದುಕೊಂಡಿದ್ದೆ.

ಜೊತೆಗೆ ಇನ್ನೊಂದು ಹುಚ್ಚು ಹಿಡಿಯಿತು. ಅಡುಗೆಮನೆ, ನಡುಮನೆ, ಮಗಳ ಮಹಡಿ ಕೋಣೆ, ಮುಂದಿನ ವರಾಂಡ ಹೀಗೆ ನಾಲ್ಕು ಕಡೆ ಸ್ಪೀಕರ್ ಕೂರಿಸಿ, ಎಲ್ಲವನ್ನೂ ಮನೆಯ ವೈಫೈಗೆ ಸೇರಿಸಿದೆ. ಅಂಗೈಯಗಲದ ಒಂದು ಪುಟ್ಟ ಕಂಪ್ಯೂಟರಿನಲ್ಲಿ ಹಾಡುಗಳೆಲ್ಲ ಇರುತ್ತವೆ. ಮೊಬೈಲಿನಲ್ಲಿ ಒತ್ತಿದರೆ ಬೇಕಾದ ಕೋಣೆಯಲ್ಲಿ, ಬೇಕೆಂದರೆ ಇಡೀ ಮನೆಯಲ್ಲಿ ಒಟ್ಟಿಗೆ ಕೇಳಿಸುತ್ತದೆ. ಬಂದವರಿಗೆಲ್ಲ ನಾನು ಇದನ್ನು ತೋರಿಸುತ್ತಿದ್ದೆ. ನೆಂಟರು ತಮ್ಮ ಮದುವೆ ಕ್ಯಾಸೆಟ್, ಮಕ್ಕಳು ತೊದಲು ಮಾತಾಡಿದ್ದ ಕ್ಯಾಸೆಟ್ ತಂದುಕೊಡತೊಡಗಿದರು. ಕಾರ್ಖಾನೆಯಲ್ಲಿ ಯಾರೂ ನನ್ನನ್ನು ಅಷ್ಟು ಹೊಗಳಿದ್ದಿಲ್ಲ. ನಮ್ಮ ಅವ್ವನ ದನಿಯನ್ನೂ ಉಳಿಸಿದ್ದೇನೆ ಎಂದು ಒಂದಿಬ್ಬರ ಹತ್ತಿರ ಹೇಳಿಕೊಂಡಿದ್ದೆ. ನಿಜವಾಗಿ ಆ ಡಬ್ಬಗಳಲ್ಲಿ ಅವ್ವನ ದನಿ ಎಲ್ಲಿದೆ, ಎಷ್ಟಿದೆ ಎಂಬುದೇ ಆಗ ನನಗೆ ಗೊತ್ತಿರಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಹನ್ನೊಂದರ ಹೊತ್ತು. ನಾನು ಮನೆ ಮುಂದೆ ಬೈಕು ತೊಳೆಯುತ್ತಿದ್ದೆ. ಹೆಂಡತಿ ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತಿದ್ದಳು. ಮಹಡಿಯಲ್ಲಿದ್ದ ಮಗಳು ಮೊಬೈಲಿನಲ್ಲಿ ನನ್ನ ಕ್ಯಾಸೆಟ್‌ಗಳ ಪಟ್ಟಿಯನ್ನು ಹಿಂದುಮುಂದಾಗಿ ಓಡುವಂತೆ ಮಾಡಿ, ಇಡೀ ಮನೆಗೆ ಬಿಟ್ಟಿದ್ದಳು. ಯಾವುದೋ ಸಿನಿಮಾ ಹಾಡು ಮುಗಿಯಿತು. ಸ್ವಲ್ಪ ಹೊತ್ತು ಬರೀ ಸುಯ್ ಎಂಬ ಸದ್ದು. ಆಮೇಲೆ ಒಬ್ಬ ಹುಡುಗಿ ಸೋಬಾನೆ ಪದದ ಎರಡು ಸಾಲು ಹಾಡಿದಳು, ಮದುವೆಮನೆಯಲ್ಲಿ ಹಾಡುವ ಧಾಟಿಯಲ್ಲಿ. ಮೂರನೆಯ ಸಾಲಿಗೆ ಬರುವಷ್ಟರಲ್ಲಿ ನಿಲ್ಲಿಸಿ, ದನಿ ತಗ್ಗಿಸಿ ಮಾತಾಡತೊಡಗಿದಳು.

“ಅವ್ವ, ಹಾಡು ಅಂತ ಸುಳ್ಳು ಹೇಳಿದೀನಿ. ಇವ್ರೆಲ್ಲ ಹೊಲಕ್ಕೆ ಹೋಗವ್ರೆ. ಮೂರು ತಿಂಗ್ಳಾಗಿತ್ತವ್ವ, ಹೋಯ್ತು. ನಿಂಗೆ ಹೇಳಿ ಕಳಿಸ್ಬ್ಯಾಡ ಅಂದ್ರು. ಎಂಟೇ ದಿನಕ್ಕೆ ಮತ್ತೆ ಹೊಲಕ್ಕೆ ಕರ್ಕೊಂಡೋದ್ರು. ಮೈಯಲ್ಲಿ ಶಕ್ತಿನೇ ಇಲ್ಲ ಕಣವ್ವ. ಗೌರಿ ಹಬ್ಬಕ್ಕೆ ತಮ್ಮನ್ನ ಕಳ್ಸು. ತವರಿನೋರು ಕರಿಯಾಕೆ ಬಂದ್ರೆ ಇವ್ರು ಇಲ್ಲ ಅನ್ನಾಕಾಗಲ್ಲ. ಒಂದು ತಿಂಗ್ಳು ನಿನ್ನತ್ರ ಮಲ್ಗಿದ್ದು ಬರ್ತೀನಿ, ಸಾಕು.”

ಮೊದಲು ನನಗೆ ಅದು ಯಾರ ದನಿ ಎಂದು ಹೊಳೆಯಲಿಲ್ಲ. ತೆಳ್ಳಗಿನ ಎಳೆಯ ದನಿ. ‘ತಮ್ಮನ್ನ ಕಳ್ಸು’ ಎಂದಾಗ ಪೈಪು ನನ್ನ ಕೈಯಿಂದ ಬಿತ್ತು. ಅದು ನಮ್ಮ ಅಕ್ಕ. ಆ ತಮ್ಮ ನಾನು.

ಹೆಂಡತಿ ಕೈ ಒರೆಸಿಕೊಳ್ಳದೆಯೇ ಹೊರಗೆ ಬಂದು ನಿಂತಿದ್ದಳು. ಮಗಳು ಮೆಟ್ಟಿಲ ಅರ್ಧಕ್ಕೆ ಇಳಿದು ನಿಂತಿದ್ದಳು. ಕಾಂಪೌಂಡಿನ ಆಚೆ ಗಿಡಕ್ಕೆ ನೀರು ಹಾಕುತ್ತಿದ್ದ ಪಕ್ಕದ ಮನೆಯವರು ಕೂಡ ವರಾಂಡದ ಸ್ಪೀಕರಿನ ಕಡೆ ತಿರುಗಿದ್ದರು. ಅಕ್ಕನ ದನಿ ನಾಲ್ಕೂ ಕಡೆಯಿಂದ ಬರುತ್ತಲೇ ಇತ್ತು. ನಾನು ಒದ್ದೆ ಕೈಯಲ್ಲೇ ಒಳಗೆ ಓಡಿ ಆ ಪುಟ್ಟ ಕಂಪ್ಯೂಟರಿನ ವೈರನ್ನು ಕಿತ್ತೆ.

ಆ ಕ್ಯಾಸೆಟ್ಟಿನ ಕಥೆಯನ್ನು ಅಂದು ಹೆಂಡತಿ ಮಗಳ ಮುಂದೆ ಹೇಳಬೇಕಾಯಿತು. ಇಲ್ಲೂ ಹೇಳಬೇಕು.

ನಮ್ಮದು ಗುಬ್ಬಿ. ಅಪ್ಪ ಬೇಗ ತೀರಿಕೊಂಡರು. ಅವ್ವ ರವಿಕೆ ಹೊಲಿದು ನಮ್ಮಿಬ್ಬರನ್ನು ಸಾಕಿದಳು. ಅಕ್ಕ ನನಗಿಂತ ಮೂರು ವರ್ಷ ದೊಡ್ಡವಳು. ಅವಳನ್ನು ಕುಣಿಗಲ್ ತಾಲ್ಲೂಕಿನ ಕೊತ್ತಗೆರೆಗೆ ಕೊಟ್ಟಾಗ ಅವಳಿಗೆ ಇಪ್ಪತ್ತೊಂದು, ನಾನು ತುಮಕೂರಿನಲ್ಲಿ ಡಿಪ್ಲೊಮಾ ಓದುತ್ತಿದ್ದೆ. ಎಸ್ಸೆಸ್ಸೆಲ್ಸಿಯಲ್ಲಿ ಫಸ್ಟ್ ಕ್ಲಾಸ್ ಬಂದದ್ದಕ್ಕೆ ಸೋದರಮಾವ ನನಗೊಂದು ಟೇಪ್ ರೆಕಾರ್ಡರ್ ಕೊಡಿಸಿದ್ದ. ನಮ್ಮ ಬೀದಿಯಲ್ಲಿ ಅಂಥದ್ದು ಇದ್ದದ್ದು ನನ್ನ ಹತ್ತಿರ ಮಾತ್ರ. ಅದನ್ನು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಅವ್ವ ಧೂಳು ಒರೆಸಲು ಹೋದರೂ, ಕೆಡಿಸಿಬಿಡ್ತೀಯ ಬಿಡು ಎಂದು ಗದರುತ್ತಿದ್ದೆ. ಅವಳು ಕೈ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದಳು. ಹೊಲಿಗೆ ಮಿಷನ್ನಿನ ಒಂದೊಂದು ಸ್ಕ್ರೂವನ್ನೂ ತಾನೇ ಬಿಚ್ಚಿ ಎಣ್ಣೆ ಬಿಡುತ್ತಿದ್ದವಳಿಗೆ ಒಂದು ಗುಂಡಿ ಒತ್ತುವುದು ಬರುತ್ತಿರಲಿಲ್ಲವೇ? ನಾನು ಕಲಿಸಲಿಲ್ಲ, ಅಷ್ಟೆ.

ಅಕ್ಕನಿಗೆ ಓದುಬರಹ ಬರುತ್ತಿತ್ತು. ಆದರೆ ಅವ್ವನಿಗೆ ಬರುತ್ತಿರಲಿಲ್ಲ. ಅಲ್ಲಿಂದ ಬರುವ ಕಾಗದವನ್ನು ಅವಳ ಮಾವ ಒಮ್ಮೆ ಓದಿಯೇ ಅಂಚೆ ಡಬ್ಬಿಗೆ ಹಾಕುತ್ತಿದ್ದರು. ಇಲ್ಲಿ ಅದನ್ನು ನಾನು ಓದಿ ಹೇಳುತ್ತಿದ್ದೆ. ಮದುವೆಯಾಗಿ ವರ್ಷ ತುಂಬುತ್ತ ಬಂದಾಗ, ಕೊತ್ತಗೆರೆಯಿಂದ ಗುಬ್ಬಿ ಸಂತೆಗೆ ಬಂದ ನೆಂಟರೊಬ್ಬರ ಕೈಯಲ್ಲಿ ಕಾಗದದ ಬದಲು ಒಂದು ಕ್ಯಾಸೆಟ್ ಬಂತು. ಅಲ್ಲಿ ಪಕ್ಕದ ಮನೆಯ ಮೇಷ್ಟರ ಟೇಪಿನಲ್ಲಿ ರೆಕಾರ್ಡು ಮಾಡಿದ್ದು. ಅವ್ವ ಮಿಷನ್ನು ನಿಲ್ಲಿಸಿ, ಸೆರಗು ಸರಿಮಾಡಿಕೊಂಡು ಬಂದು ಕೂತಳು, ಯಾರೋ ಮನೆಗೆ ಬಂದಿದ್ದಾರೇನೋ ಎಂಬಂತೆ.

ಮೊದಲ ಮಗ್ಗುಲಲ್ಲಿ ಬೀಗರ ಮನೆಯವರೆಲ್ಲ ಒಬ್ಬೊಬ್ಬರಾಗಿ ಮಾತಾಡಿದ್ದರು. ಭಾವನೂ ನಾಚಿಕೊಂಡು ಎರಡು ಮಾತು ಆಡಿದ್ದ. ಅಕ್ಕನ ಅತ್ತೆ ಮಳೆ ಬೆಳೆ ವಿಚಾರಿಸಿದ್ದರು. ಕೊನೆಯಲ್ಲಿ ಅಕ್ಕ, ತಾನು ಚೆನ್ನಾಗಿದ್ದೇನೆ, ಇನ್ನೊಂದು ಮಗ್ಗುಲಲ್ಲಿ ಸೋಬಾನೆ ಪದ ಹಾಡಿದ್ದೇನೆ, ಅವ್ವ ಒಬ್ಬಳೇ ಇರುವಾಗ ಪೂರ್ತಿ ಕೇಳಿಸು ಎಂದು ನನಗೆ ಹೇಳಿದ್ದಳು. ‘ಪೂರ್ತಿ’ ಎಂಬುದನ್ನು ಎರಡು ಸಲ ಹೇಳಿದ್ದಳು.

ಅಷ್ಟು ಹೊತ್ತಿಗೆ ನನ್ನ ಗೆಳೆಯರು ಬಾಗಿಲಲ್ಲಿ ಸೈಕಲ್ ಬೆಲ್ ಹೊಡೆಯುತ್ತಿದ್ದರು. ಇನ್ನೊಂದು ಮಗ್ಗುಲು ಹಾಕಪ್ಪ, ಹಾಡವ್ಳಂತೆ ಎಂದಳು ಅವ್ವ. ಬಂದು ಹಾಕ್ತೀನಿ ಎಂದು ಹೋದೆ. ಮಾರನೆಯ ದಿನ ಕೇಳಿದಳು. ಸೆಲ್ಲು ಮುಗಿದಿದೆ ಎಂದೆ. ಮುಗಿದಿರಲಿಲ್ಲ. ನನಗೆ ಆ ಸೋಬಾನೆ ಪದಗಳೆಂದರೆ ಆಗುತ್ತಿರಲಿಲ್ಲ. ಗೆಳೆಯರು ಬಂದಾಗ ಅಂಥದ್ದು ಕೇಳಿಸಿದರೆ ನಗುತ್ತಾರೆಂಬ ಸಂಕೋಚ. ವಾರ ಕಳೆದ ಮೇಲೆ ಅವ್ವ ಮೂರನೆಯ ಸಲ ಕೇಳಿದಾಗ ನನಗೆ ರೇಗಿತು. ನಾನಾಗಲೇ ಕೇಳ್ದೆ, ಹಾಡು ಸರಿಯಾಗಿ ಬಂದಿಲ್ಲ, ಬರೀ ಗರಗರ ಅಂತದೆ ಎಂದುಬಿಟ್ಟೆ. ಅವ್ವ, ಹೌದಾ ಎಂದು ಮಿಷನ್ನಿಗೆ ದಾರ ಪೋಣಿಸಿಕೊಂಡಳು. ಮತ್ತೆ ಕೇಳಲಿಲ್ಲ.

ಇಷ್ಟೇ ಆಗಿದ್ದರೂ ಬೇರೆ. ಕೆಲವು ದಿನದ ಮೇಲೆ ಖಾಲಿ ಕ್ಯಾಸೆಟ್ ಇಲ್ಲದೆ, ರೇಡಿಯೋದಲ್ಲಿ ಬರುತ್ತಿದ್ದ ಹಾಡನ್ನು ಅಕ್ಕನ ಕ್ಯಾಸೆಟ್ಟಿನ ಮೇಲೆಯೇ ಹಿಡಿಯಲು ನೋಡಿದೆ. ರೆಕಾರ್ಡ್ ಗುಂಡಿ ಒಳಗೆ ಹೋಗಲಿಲ್ಲ. ಯಾರೂ ಅಳಿಸದಿರಲಿ ಎಂದು ಕ್ಯಾಸೆಟ್ಟಿನ ಹಿಂದಿನ ಎರಡು ಪುಟ್ಟ ಎಸಳುಗಳನ್ನು ಯಾರೋ ಮುರಿದಿದ್ದರು. ಬೈದುಕೊಂಡು ಡಬ್ಬಕ್ಕೆ ಎಸೆದೆ. ಆ ಎಸಳು ಮುರಿದದ್ದರಿಂದ ಅಕ್ಕನ ಮಾತು ಉಳಿಯಿತು. ಉಳಿಸಿದ್ದು ನಾನಲ್ಲ.

ಆ ಸಲ ಗೌರಿ ಹಬ್ಬಕ್ಕೆ ನಾನು ಕೊತ್ತಗೆರೆಗೆ ಹೋಗಲಿಲ್ಲ. ಅವ್ವ ಹೋಗಿ ಬಾ ಎಂದಿದ್ದಳು. ಪರೀಕ್ಷೆ ಹತ್ತಿರವಿದೆ ಎಂದೆ. ಬಾಗಿನದ ಸೀರೆ, ಬಳೆ, ಅರಿಸಿನ ಕುಂಕುಮವನ್ನು ಅವ್ವ ಆ ಕಡೆ ಹೋಗುವವರೊಬ್ಬರ ಕೈಗೆ ಕೊಟ್ಟು ಕಳಿಸಿದಳು.

ಅದಾದ ಮೇಲೆ ಅಕ್ಕ ಮನೆಗೆ ಬಂದದ್ದು ದೀಪಾವಳಿ ಕಳೆದು ಎಷ್ಟೋ ತಿಂಗಳಿಗೆ. ಬಂದವಳು ನೆಂಟಳಂತೆ ಕೂತು, ಕೊಟ್ಟಿದ್ದು ತಿಂದು, ಸಂಜೆ ಬಸ್ಸಿಗೆ ಹೊರಟಳು. ಮುಂದೆ ಅವಳಿಗೆ ಇಬ್ಬರು ಮಕ್ಕಳಾದರು. ಅತ್ತೆ ಮಾವ ಹೋದ ಮೇಲೆ ಮನೆ ಅವಳ ಕೈಗೆ ಬಂತು. ಗಟ್ಟಿ ಹೆಂಗಸಾದಳು. ಅವ್ವನನ್ನು ಮಾತ್ರ ಕೊನೆಯವರೆಗೂ ಅಳತೆಯಲ್ಲೇ ಮಾತಾಡಿಸಿದಳು. ಹನ್ನೊಂದು ವರ್ಷದ ಹಿಂದೆ ಅವ್ವ ತುಮಕೂರಿನ ಈ ಮನೆಯಲ್ಲಿ ಹಾಸಿಗೆ ಹಿಡಿದಾಗ, ವಾರಕ್ಕೊಮ್ಮೆ ಬುತ್ತಿ ಕಟ್ಟಿಕೊಂಡು ಬರುತ್ತಿದ್ದಳು. ಹಾಸಿಗೆಯ ಪಕ್ಕ ಕೂರುತ್ತಿರಲಿಲ್ಲ. ಬಾಗಿಲಿಗೆ ಒರಗಿ ನಿಂತು ವಿಚಾರಿಸಿ ಹೋಗುತ್ತಿದ್ದಳು. ಮದುವೆಯಾದ ಹೆಣ್ಣು, ಅವಳ ಸಂಸಾರ ಅವಳಿಗೆ ಎಂದು ನಾನು ಅಂದುಕೊಂಡಿದ್ದೆ. ಅಷ್ಟಕ್ಕಿಂತ ಹೆಚ್ಚು ನಾನು ಯೋಚಿಸಿಯೇ ಇರಲಿಲ್ಲ.

ಇದನ್ನೆಲ್ಲ ಹೇಳಿ ಮುಗಿಸಿದಾಗ ಮಗಳು ಎದ್ದು ಮೇಲೆ ಹೋದಳು. ಹೆಂಡತಿ, ಅಕ್ಕನಿಗೆ ಹೇಳಬೇಕು ನೀವು ಎಂದಳು. ಹೇಳುತ್ತೇನೆ ಎಂದೆ. ಮೂವತ್ತೈದು ವರ್ಷದ ಹಿಂದಿನ ಮಾತು, ಈಗ ಕೆದಕಿ ಅವಳ ಮನಸ್ಸು ಯಾಕೆ ನೋಯಿಸಬೇಕು ಎಂದೂ ಅಂದೆ. ಹೆಂಡತಿ ನನ್ನ ಮುಖವನ್ನೇ ನೋಡಿದಳು. ನಾನು ಹೆದರುತ್ತಿದ್ದದ್ದು ಯಾರ ನೋವಿಗೆ ಎಂಬುದು ಅವಳಿಗೆ ಗೊತ್ತಾಗಿತ್ತು.

ಹೇಳಲಿಲ್ಲ. ಬದಲಿಗೆ ಇನ್ನೊಂದು ಕೆಲಸ ಮಾಡಿದೆ. ಅಕ್ಕ ತನ್ನ ಕ್ಯಾಸೆಟ್ಟೂ ಸಿಕ್ಕಿದೆಯೇ ಎಂದು ಮೊದಲೇ ಫೋನಿನಲ್ಲಿ ಕೇಳಿದ್ದಳು. ಮೊದಲ ಮಗ್ಗುಲನ್ನು ಮಾತ್ರ ಪೆನ್‌ಡ್ರೈವಿಗೆ ಹಾಕಿ, ಕೆಲಸದ ಮೇಲೆ ತುಮಕೂರಿಗೆ ಬಂದಿದ್ದ ಅವಳ ಮಗನ ಕೈಯಲ್ಲಿ ಕಳಿಸಿದೆ. ಎರಡು ದಿನಕ್ಕೆ ಅವಳ ಫೋನು ಬಂತು. ಖುಷಿಯಾಗಿದ್ದಳು. ಟಿವಿಗೆ ಹಾಕಿ ಕೇಳಿದರಂತೆ. ತೀರಿಕೊಂಡ ತಾಯಿಯ ದನಿ ಕೇಳಿ ಭಾವನ ಕಣ್ಣಲ್ಲಿ ನೀರು ಬಂತಂತೆ. ಅಷ್ಟು ಹೇಳಿ, ತೀರ ಹಗುರಾದ ದನಿಯಲ್ಲಿ ಕೇಳಿದಳು:

“ಅದ್ರಲ್ಲಿ ಇನ್ನೊಂದು ಮಗ್ಲೂ ಇತ್ತಲ್ಲಪ್ಪ?”

“ಅದು ಸರಿಯಾಗಿ ಬಂದಿಲ್ಲ ಅಕ್ಕ. ಬರೀ ಗರಗರ ಅಂತದೆ.”

ನಾನು ಯೋಚಿಸಿ ಆಡಿದ ಮಾತಲ್ಲ ಅದು. ನಾಲಿಗೆಯ ತುದಿಯಲ್ಲೇ ಇತ್ತೇನೋ ಎಂಬಂತೆ ಬಂದುಬಿಟ್ಟಿತು. ಫೋನು ಕಟ್ಟಾಯಿತೇನೋ ಎಂದು ನೋಡಿದೆ, ಆಗಿರಲಿಲ್ಲ.

“ಹೌದಾ,” ಎಂದಳು ಅಕ್ಕ. “ಸರಿ ಬುಡು.”

ಫೋನಿಟ್ಟು ತಿರುಗಿದರೆ ಹೆಂಡತಿ ನಡುಮನೆಯ ಬಾಗಿಲಲ್ಲಿ ನಿಂತಿದ್ದಳು. ಅವಳು ಬೈಯಲಿಲ್ಲ. ಅತ್ತೆಗೂ ಇದನ್ನೇ ಅಲ್ವಾ ಹೇಳಿದ್ದು ಎಂದಷ್ಟೇ ಕೇಳಿದಳು. ನನಗಾಗ ಐವತ್ತನಾಲ್ಕು ವರ್ಷ. ಹತ್ತೊಂಬತ್ತರಲ್ಲಿ ಆಡಿದ ಸುಳ್ಳನ್ನು ಹುಡುಗ ಬುದ್ಧಿ ಎಂದು ತಳ್ಳಿಹಾಕಲು ನಾನು ಒಂದು ವಾರದಿಂದ ಒಳಗೊಳಗೇ ಅಣಿಯಾಗುತ್ತಿದ್ದೆ. ಈಗ ಆಡಿದ್ದಕ್ಕೆ ಯಾವ ಹೆಸರಿಡುವುದು? ಆ ದಿನ ಊಟಕ್ಕೆ ಕೂತಾಗ ಮಗಳ ಕಡೆ ನೋಡಲು ಆಗಲಿಲ್ಲ.

ಮಾರನೆಯ ದಿನ ರಜೆ ಹಾಕಿ ಬೈಕಿನಲ್ಲಿ ಹೊರಟೆ. ಹೆಬ್ಬೂರು ದಾಟಿ ಕುಣಿಗಲ್ ತಲುಪಿ, ಬಸ್ ಸ್ಟ್ಯಾಂಡಿನ ಎದುರು ಟೀ ಕುಡಿದೆ. ಇನ್ನೊಂದು ಕುಡಿದೆ. ಅಲ್ಲಿಂದ ಕೊತ್ತಗೆರೆ ದೂರವೇನಲ್ಲ. ಆದರೂ ಕುಣಿಗಲ್‌ನಲ್ಲೇ ಮುಕ್ಕಾಲು ಗಂಟೆ ಕೂತಿದ್ದೆ. ಭಾವ ಹೊಲಕ್ಕೆ ಹೋಗುವ ಹೊತ್ತಾಗಲಿ ಎಂದು ಕಾಯುತ್ತಿದ್ದೇನೆಂದು ನನಗೆ ನಾನೇ ಹೇಳಿಕೊಂಡೆ.

ಅಕ್ಕ ಅಂಗಳದಲ್ಲಿ ಗೋಣಿಚೀಲ ಹಾಸಿಕೊಂಡು ಹುಣಸೆಹಣ್ಣು ಜಜ್ಜುತ್ತಿದ್ದಳು. ಕಲ್ಲಿನ ಮೇಲೆ ಹಣ್ಣಿಟ್ಟು ಒಂದೇಟು, ಬೀಜ ಈ ಕಡೆ, ಹಣ್ಣು ಆ ಕಡೆ. ನನ್ನನ್ನು ಕಂಡು ಏಳಲು ಹೋದಳು. ಕೂತ್ಕೋ ಅಕ್ಕ ಎಂದು ನಾನೂ ಜಗಲಿಯ ಅಂಚಿಗೆ ಕೂತೆ. ಮಜ್ಜಿಗೆ ಕೊಡಲಾ ಎಂದಳು. ಬೇಡವೆಂದೆ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಮರೆತುಹೋಗಿತ್ತು. ನಿನ್ನೆ ಹೇಳಿದ್ದು ಸುಳ್ಳು, ಕ್ಯಾಸೆಟ್ ಚೆನ್ನಾಗಿದೆ, ಈಗ ಮೊನ್ನೆ ಮೊನ್ನೆ ಮೊದಲ ಸಲ ಕೇಳಿದೆ ಎಂದು ಹೇಗೋ ಶುರುಮಾಡಿದೆ. ಆಗ ಅವ್ವ ಹಾಕು ಎಂದು ಮೂರು ಸಲ ಕೇಳಿದ್ದು, ನಾನು ಹಾಕದೆ ಸುಳ್ಳು ಹೇಳಿದ್ದು, ಯಾವುದನ್ನೂ ಬಿಡಲಿಲ್ಲ. ಅದರ ಮೇಲೆ ಹಾಡು ತುಂಬಲು ನೋಡಿದ್ದನ್ನೂ ಹೇಳಿದೆ.

ಅಕ್ಕ ಹಣ್ಣು ಜಜ್ಜುವುದನ್ನು ನಿಲ್ಲಿಸಲಿಲ್ಲ. ನನ್ನ ಮಾತು ಮುಗಿದ ಮೇಲೂ ನಾಲ್ಕೈದು ಹಣ್ಣು ಜಜ್ಜಿದಳು. ಆಮೇಲೆ ಕಲ್ಲನ್ನು ಕೆಳಗಿಟ್ಟಳು.

“ಅವ್ವ ಕೇಳ್ಲೇ ಇಲ್ವಾ?”

“ಇಲ್ಲ ಅಕ್ಕ.”

“ಒಂದ್ಸಲಾನೂ?”

“ಇಲ್ಲ.”

ಅವಳು ಕೈಗೆ ಅಂಟಿದ್ದ ಹುಣಸೆ ನಾರನ್ನು ಒಂದೊಂದಾಗಿ ಬಿಡಿಸಿಕೊಳ್ಳುತ್ತ, ನನ್ನ ಕಡೆ ನೋಡದೆ ಹೇಳಿದಳು: “ಆ ಸಲ ಊರಿಗೆ ಬಂದಾಗ ಅವ್ವ ಅಂದ್ಳು, ಪದ ಹಾಡಿ ಕಳ್ಸಿದ್ಯಂತೆ ಮಗ, ಸರಿಯಾಗಿ ಬರ್ಲಿಲ್ವಂತೆ ಅಂತ. ನಂಗೆ ಎದೆ ಧಸಕ್ ಅಂತು. ಕೇಳವ್ಳೆ, ಕೇಳಿ ಕೇಳ್ದಂಗೆ ಮಾಡ್ತವ್ಳೆ ಅಂದ್ಕೊಂಡೆ. ಕೊಟ್ಟ ಮ್ಯಾಲೆ ಮುಗೀತು ಅಂತ ಅವಳ ಮನಸ್ಸಲ್ಲಿ ಬಂದೈತೆ ಅಂದ್ಕೊಂಡೆ. ಅವತ್ತಿಂದ ನಾನು ಅವ್ವನ್ನ ನೆಟ್ಟಗೆ ಮಾತಾಡ್ಸೇ ಇಲ್ಲ ಕಣೋ.”

ನನಗೆ ಇದು ಗೊತ್ತಿರಲಿಲ್ಲ. ಅಕ್ಕನಿಗೆ ಸಹಾಯ ಸಿಗಲಿಲ್ಲ ಎಂಬಷ್ಟಕ್ಕೆ ಸಿದ್ಧನಾಗಿ ಬಂದಿದ್ದೆ. ನನ್ನ ಸುಳ್ಳು ಅವ್ವನ ಬಾಯಿಂದ ಹೊರಟು ಅವ್ವನ ಸುಳ್ಳಾಗಿ ಅಕ್ಕನಿಗೆ ಕೇಳಿಸಿತ್ತು. ಅವ್ವ ಮಗಳನ್ನು ಖುಷಿಪಡಿಸಲೆಂದು, ನೀನು ಹಾಡಿ ಕಳಿಸಿದ್ದು ನನಗೆ ಗೊತ್ತು ಎಂದು ತೋರಿಸಲೆಂದು ಆ ಮಾತು ಆಡಿರಬೇಕು. ಆ ಒಂದು ಮಾತಿಗೆ ಅವಳು ಇಪ್ಪತ್ನಾಲ್ಕು ವರ್ಷ ಮಗಳನ್ನು ಕಳೆದುಕೊಂಡು, ಯಾಕೆಂದು ತಿಳಿಯದೆಯೇ ಸತ್ತಳು.

ತಪ್ಪಾಯ್ತು ಅಕ್ಕ ಎಂದೆ. ಕಾಲು ಮುಟ್ಟಲು ಬಗ್ಗಿದೆ. ಅವಳು ಕಾಲು ಹಿಂದಕ್ಕೆ ಎಳೆದುಕೊಂಡಳು.

“ಅವೆಲ್ಲ ಬ್ಯಾಡ. ನೀನೀಗ ಹೋಗು. ಅವ್ರು ಬರೋ ಹೊತ್ತಾಯ್ತು, ಅವ್ರ ಮುಂದೆ ನಂಗೆ ಅಳಾಕಾಗಲ್ಲ.”

ಹೊರಟೆ. ಬೈಕು ತಿರುಗಿಸಿಕೊಳ್ಳುವಾಗ ನೋಡಿದೆ. ಅವಳು ಅಲ್ಲೇ ಕೂತಿದ್ದಳು, ಕೈಯಲ್ಲಿ ಕಲ್ಲಿರಲಿಲ್ಲ.

ಒಂದೂವರೆ ತಿಂಗಳು ಅವಳ ಫೋನು ಬರಲಿಲ್ಲ. ನಾನು ಮಾಡಿದರೆ ಮಗನೋ ಸೊಸೆಯೋ ಎತ್ತಿ, ಹಿತ್ತಲಲ್ಲಿದ್ದಾರೆ ಎನ್ನುತ್ತಿದ್ದರು. ಆ ದಿನಗಳಲ್ಲಿ ನಾನು ಮನೆಯ ಸ್ಪೀಕರ್‌ಗಳನ್ನು ಹಾಕಲಿಲ್ಲ. ಸಂಜೆ ಡ್ಯೂಟಿಯಿಂದ ಬಂದು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಡಬ್ಬದಲ್ಲಿದ್ದ ಎಲ್ಲ ಕ್ಯಾಸೆಟ್‌ಗಳನ್ನು ಮೊದಲಿಂದ ಕೊನೆವರೆಗೆ ಒಂದೊಂದಾಗಿ ಕೇಳಿದೆ. ಅವ್ವನ ದನಿಯನ್ನು ಹುಡುಕುತ್ತಿದ್ದೆ. ರೇಡಿಯೋದ ಮುಂದೆ ಟೇಪಿಟ್ಟು ಹಿಡಿದ ಹಾಡುಗಳು, ನಾನೇ ಉದ್ಘೋಷಕನಂತೆ ಗಂಟಲು ಸರಿಮಾಡಿಕೊಂಡು ಮಾತಾಡಿದ್ದು, ಗೆಳೆಯರ ನಗು. ಅವುಗಳ ಹಿಂದೆ ಎಲ್ಲೋ ದೂರದಲ್ಲಿ ಹೊಲಿಗೆ ಮಿಷನ್ನಿನ ಸದ್ದು. ಅವ್ವನ ದನಿಯೇ ಎಂದು ಹೇಳಬಹುದಾದದ್ದು ಒಟ್ಟು ನಾಲ್ಕು ನಿಮಿಷವೂ ಇರಲಿಲ್ಲ. ತರಕಾರಿಯವಳನ್ನು ಕೂಗಿದ್ದು. ಊಟಕ್ಕೆ ಬಾರಪ್ಪ ಎಂದದ್ದು. ಯಾರದೋ ರವಿಕೆಯ ಅಳತೆಯನ್ನು ತನ್ನಷ್ಟಕ್ಕೆ ಹೇಳಿಕೊಂಡದ್ದು. ಹೆಚ್ಚಿನ ಕಡೆ ಅವಳು ಬಾಯಿ ತೆರೆದ ತಕ್ಷಣ ನನ್ನ ದನಿ ಬರುತ್ತಿತ್ತು: ಸುಮ್ನಿರವ್ವ, ರೆಕಾರ್ಡ್ ಆಗ್ತೈತೆ. ಅವಳು ಸುಮ್ಮನಾಗುತ್ತಿದ್ದಳು.

ಆ ತುಣುಕುಗಳನ್ನೆಲ್ಲ ಜೋಡಿಸಿ ಒಂದು ಫೈಲ್ ಮಾಡಿದೆ. ನನ್ನ ದನಿಯನ್ನು ಕತ್ತರಿಸಿ ತೆಗೆಯಲು ಸುಲಭವಿತ್ತು. ಒಂದೆರಡು ಕಡೆ ಕತ್ತರಿಸಿಯೂ ಇದ್ದೆ. ಹಿಂದೆ ನಿಂತು ನೋಡುತ್ತಿದ್ದ ಮಗಳು, ಅದನ್ನು ಬಿಡಿ ಅಪ್ಪ, ಇದ್ದ ಹಾಗೇ ಇರಲಿ ಎಂದಳು. ಆ ಭಾನುವಾರದಿಂದ ಅವಳು ನನ್ನೊಡನೆ ತಾನಾಗಿ ಆಡಿದ ಮೊದಲ ಮಾತು ಅದು. ಕತ್ತರಿಸಿದ್ದನ್ನು ಮತ್ತೆ ಸೇರಿಸಿದೆ. ಆ ಫೈಲಿನ ವಿಷಯವನ್ನು ಹೆಂಡತಿ ಅಕ್ಕನ ಸೊಸೆಗೆ ಫೋನಿನಲ್ಲಿ ಹೇಳಿದಳು.

ಒಂದು ಬೆಳಿಗ್ಗೆ ಅಕ್ಕ ಹೇಳದೆ ಕೇಳದೆ ಬಸ್ಸಿನಲ್ಲಿ ಬಂದಿಳಿದಳು. ಒಬ್ಬಳೇ ಬಂದಿದ್ದಳು. ಚೀಲದಲ್ಲಿ ಹುಣಸೆಹಣ್ಣಿನ ಉಂಡೆ, ಹುರುಳಿಕಾಳು. ಅಡುಗೆಮನೆಗೆ ಹೋಗಿ ನನ್ನ ಹೆಂಡತಿಯ ಹತ್ತಿರ ಕೂತು, ಅವ್ವನ ದನಿ ಐತಂತಲ್ಲ, ಹಾಕ್ಸು ಎಂದಳು. ನನಗೆ ಹೇಳಲಿಲ್ಲ, ಹೆಂಡತಿಗೆ ಹೇಳಿದಳು. ನಾನು ನಡುಮನೆಯಲ್ಲಿ ಕೂತು, ಅಡುಗೆಮನೆಯ ಸ್ಪೀಕರಿಗೆ ಮಾತ್ರ ಅದನ್ನು ಹಾಕಿದೆ. ನಾಲ್ಕು ನಿಮಿಷ ಮುಗಿಯಿತು. ಇನ್ನೊಂದು ಸಲ ಎಂದಳು. ತರಕಾರಿಯವಳ ಹತ್ತಿರ ಅವ್ವ ಚೌಕಾಸಿ ಮಾಡುವ ಕಡೆ ಅವಳು ನಕ್ಕದ್ದು ಕೇಳಿಸಿತು. ಮೂರನೆಯ ಸಲಕ್ಕೆ ನಗಲಿಲ್ಲ.

ಆಮೇಲೆ ಅವಳು ನನ್ನ ಹೆಂಡತಿಯನ್ನು ಅವ್ವನ ಕೊನೆಯ ತಿಂಗಳುಗಳ ಬಗ್ಗೆ ಕೇಳತೊಡಗಿದಳು. ಏನು ತಿನ್ನುತ್ತಿದ್ದಳು, ನಿದ್ದೆ ಬರುತ್ತಿತ್ತೇ, ಯಾರ ಸುದ್ದಿ ಎತ್ತುತ್ತಿದ್ದಳು. ಹೆಂಡತಿ ಒಂದೊಂದಾಗಿ ಹೇಳುತ್ತಿದ್ದಳು. ನಾನು ಬಾಗಿಲ ಹತ್ತಿರ ಬಂದು ನಿಂತೆ. ಅವಳು ಹೇಳಿದ್ದರಲ್ಲಿ ಅರ್ಧಕ್ಕರ್ಧ ನನಗೇ ಹೊಸದು. ಆ ತಿಂಗಳುಗಳಲ್ಲಿ ನಾನೂ ಇದೇ ಮನೆಯಲ್ಲಿದ್ದೆ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಹೇಗಿದೀಯವ್ವ ಎಂದು ಕೇಳಿ ಹೋಗುತ್ತಿದ್ದೆ.

“ಅತ್ತೆ ಒಂದಿನ ಅಂದ್ರು ಅಕ್ಕ,” ಎಂದಳು ಹೆಂಡತಿ. “ನನ್ ಮಗ್ಳಿಗೆ ನನ್ ಮ್ಯಾಲೆ ಅದೇನು ಮುನ್ಸೋ, ಕೇಳಾಣ ಅಂದ್ರೆ ಬಾಯೇ ಬರಲ್ಲ, ಕೇಳಿದ್ರೆ ಇಷ್ಟೂ ಬರೋದು ನಿಲ್ಲಿಸ್ಬಿಟ್ಟಾಳು ಅಂತ ಭಯ ಅಂತ.”

ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಹೆಂಡತಿ ಅವಳ ಬೆನ್ನ ಮೇಲೆ ಕೈಯಿಟ್ಟಳು. ನಾನು ಒಂದು ಲೋಟ ನೀರು ತಂದು ಅಕ್ಕನ ಪಕ್ಕ ಇಟ್ಟೆ.

ಮಧ್ಯಾಹ್ನ ಊಟವಾದ ಮೇಲೆ ಕ್ಯಾಸೆಟ್ ಕೊಡು ಎಂದಳು. ಕೊಟ್ಟೆ. ಕಂಪ್ಯೂಟರಿನಲ್ಲಿರುವುದು ಏನು ಮಾಡಲಿ ಎಂದು ಕೇಳಿದೆ. ಆ ಮಗ್ಗುಲನ್ನು ತೆಗೆದುಬಿಡು, ಭಾವನಿಗಾಗಲಿ ಮಕ್ಕಳಿಗಾಗಲಿ ಅದು ಕೇಳಬಾರದು, ತೀರಿಹೋದ ತನ್ನ ಅತ್ತೆಯ ಮೇಲೆ ಅವರಿಗೆ ಈಗ ಬೇಸರ ಬರುವುದು ಬೇಡ ಎಂದಳು. ಅವಳ ಎದುರಿಗೇ ತೆಗೆದು ತೋರಿಸಿದೆ. ಕ್ಯಾಸೆಟ್ಟನ್ನು ಅವಳು ಏನು ಮಾಡಿದಳೋ ನಾನು ಕೇಳಿಲ್ಲ.

ಸಂಜೆ ಬಸ್ ಸ್ಟ್ಯಾಂಡಿಗೆ ಬೈಕಿನಲ್ಲಿ ಕರೆದುಕೊಂಡು ಹೋದೆ. ಕುಣಿಗಲ್ ಬಸ್ಸು ಇನ್ನೂ ಬಂದಿರಲಿಲ್ಲ. ಇಬ್ಬರೂ ಕಲ್ಲುಬೆಂಚಿನ ಮೇಲೆ ಕೂತೆವು. ಅವಳು ಎದುರಿನ ಜನವನ್ನೇ ನೋಡುತ್ತಿದ್ದಳು. ಬಸ್ಸು ಬಂದು ನಿಂತು, ಚೀಲ ಎತ್ತಿಕೊಂಡ ಮೇಲೆ ಹೇಳಿದಳು:

“ನಿನ್ ಮ್ಯಾಲೆ ಸಿಟ್ಟಿಲ್ಲ ಅಂತ ಹೇಳಲ್ಲ ಕಣಪ್ಪ. ಐತೆ. ಹೋಗ್ತಾ ಹೋಗ್ತಾ ನೋಡಾಣ.”

ಸರಿ ಅಕ್ಕ ಎಂದೆ. ಅವಳು ಕಿಟಕಿ ಪಕ್ಕ ಸೀಟು ಹಿಡಿದು ಕೂತಳು. ಬಸ್ಸು ಹೊರಡುವವರೆಗೂ ನಾನು ಕೆಳಗೆ ನಿಂತಿದ್ದೆ.

ಈಗ ಅವಳ ಫೋನು ಮತ್ತೆ ಬರುತ್ತದೆ, ನನ್ನ ಹೆಂಡತಿಗೆ. ಇಬ್ಬರೂ ಅರ್ಧ ಗಂಟೆ ಅವ್ವನ ವಿಚಾರ, ಅಡುಗೆ, ಮೊಮ್ಮಗಳ ಹಟ ಎಂದು ಮಾತಾಡುತ್ತಾರೆ. ಕೆಲವು ದಿನ ಕೊನೆಯಲ್ಲಿ, ಅವ್ನಿಗೂ ಕೊಡು ಎನ್ನುತ್ತಾಳಂತೆ. ಆಗ ಹೋಗಿ ತಗೊಳ್ಳುತ್ತೇನೆ. ಊಟ ಆಯ್ತಾ ಎಂದು ಕೇಳುತ್ತಾಳೆ, ನಾನು ಆಯ್ತು ಎನ್ನುತ್ತೇನೆ. ಅವಳು ಹಾಗೆ ಅನ್ನದ ದಿನ, ನನಗೂ ಕೊಡು ಎಂದು ನಾನು ಹೆಂಡತಿಯನ್ನು ಕೇಳುವುದಿಲ್ಲ.